ಮಿರಜದಲ್ಲೊಂದು ಶಾಹೀ ಭೋಜನ

ನನ್ನ ತಂಗಿ ಮದುವೆಯಾಗಿ ಪುಣೆಗೆ ಹೋಗಿ ಮೂವತ್ತು ವರ್ಷದ ಮೇಲಾಯಿತು. ಅಷ್ಟೂ ವರ್ಷಗಳಲ್ಲಿ ಅವಳು ಮಿರಜಕ್ಕೆ ಬಂದದ್ದೆಲ್ಲ ಯಾರದೋ ಲಗ್ನಕ್ಕೆ, ಇಲ್ಲವೇ ಯಾರದೋ ಆಪರೇಶನ್ನಿಗೆ. ಬಂದರೆ ಸ್ಟೇಶನ್ನಿನಿಂದ ಮನೆಗೆ, ಮನೆಯಿಂದ ಸ್ಟೇಶನ್ನಿಗೆ. ದಾರಿಯುದ್ದಕ್ಕೂ ಮೂಗಿಗೆ ಸೆರಗು. ‘ಈ ಊರಾಗ ನೋಡಾಕ ಏನೈತಿ’ ಎಂದು ಗಂಡನ ಮನೆಯವರ ಮುಂದೆ ಹೇಳಿದವಳೂ ಅವಳೇ. ಹೋದ ಚಳಿಗಾಲದಲ್ಲಿ ಅದೇ ತಂಗಿ ಫೋನು ಮಾಡಿ, ಸಾಂಗಲಿ ಮಿರಜಕ್ಕೆ ಎರಡು ದಿನದ ಹೆರಿಟೇಜ್ ಟೂರಿಗೆ ಬರುತ್ತಿದ್ದೇನೆ, ಹಳೆಯ ವಾಡೆ, ಹಳೆಯ ಊಟ ಎಲ್ಲ ತೋರಿಸುತ್ತಾರಂತೆ ಎಂದಳು.

“ನಿನ್ನ ಹೆಸರೂ ಬರಸೇನಿ ಅಕ್ಕಾ. ನೀನೂ ಬಾ.”

“ನನ್ನ ಊರು ನೋಡಾಕ ನಾ ಯಾಕ ಹೆಸರು ಬರಸ್ಲಿ?”

“ನಿನಗ ಗೊತ್ತಿಲ್ಲದ್ದು ಎಷ್ಟೋ ಇರತೈತಿ. ಅವರು ಅಭ್ಯಾಸ ಮಾಡ್ಯಾರ.”

ನನಗೆ ಗೊತ್ತಿಲ್ಲದ್ದು! ಮಿರಜ ಜಂಕ್ಷನ್ನಿನ ವಿಚಾರಣೆ ಕಿಟಕಿಯ ಹಿಂದೆ ಇಪ್ಪತ್ತೊಂಬತ್ತು ವರ್ಷ ಕೂತವಳು ನಾನು. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ, ಮರಾಠಿಯಲ್ಲಿ ಕೇಳಿದವರಿಗೆ ಮರಾಠಿಯಲ್ಲಿ, ಹಿಂದಿಯಲ್ಲಿ ಕೇಳಿದವರಿಗೆ ಹಿಂದಿಯಲ್ಲಿ ಬೈದಿದ್ದೇನೆ. ಬೋರ್ಡಿನ ಕೆಳಗೇ ನಿಂತು ಗಾಡಿ ಎಷ್ಟು ಗಂಟೆಗೆ ಎಂದು ಕೇಳುವವರನ್ನು ದಿನಾ ನೂರಾರು ಮಂದಿಯನ್ನು ನೋಡಿದರೆ ಮನುಷ್ಯರ ಮೇಲೆ ದೊಡ್ಡ ಭರವಸೆ ಉಳಿಯುವುದಿಲ್ಲ. ನಾವು ಮೂಲತಃ ಕವಲಾಪುರದ ಕಡೆಯ ಜೈನರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಮುಂದಿನ ಗಾಡಿಯ ಹೊತ್ತು ಹೇಳಿ ಕಳಿಸುತ್ತಿದ್ದೆ. ತಂಗಿಯ ಆ ಮಾತಿಗೆ ಮಾತ್ರ ಸಿಟ್ಟು ಬಂತು. ನೋಡೇ ಬಿಡೋಣ ಎಂದು ಒಪ್ಪಿಕೊಂಡೆ.

ಮೊದಲನೆಯ ದಿನ ಸಾಂಗಲಿ. ಗಣಪತಿ ಗುಡಿಯ ಮುಂದೆ ಹದಿನಾಲ್ಕು ಮಂದಿ ಸೇರಿದ್ದರು, ಹೆಚ್ಚಿನವರು ಪುಣೆ ಮುಂಬಯಿಯವರು. ಎಲ್ಲರ ಕಾಲಲ್ಲೂ ಬೆಟ್ಟ ಹತ್ತುವ ಬೂಟು. ಸಾಂಗಲಿಯಲ್ಲಿ ಹತ್ತುವುದಕ್ಕೆ ಏನಿದೆಯೋ ನನಗಂತೂ ತಿಳಿಯಲಿಲ್ಲ. ನನ್ನ ತಂಗಿ ಅವರ ನಡುವೆ ನಿಂತು ಪುಣೆಯ ಸದಾಶಿವ ಪೇಟೆಯ ಅಚ್ಚ ಮರಾಠಿ ಮಾತಾಡುತ್ತಿದ್ದಳು. ನನ್ನನ್ನು ನೋಡಿ, “ಹೀ ಮಾಝೀ ಮೋಠೀ ಬಹೀಣ” ಎಂದು ಪರಿಚಯ ಮಾಡಿಸಿದಳು. ಅಕ್ಕ ಎಂದು ಒಪ್ಪಿಕೊಂಡಳಲ್ಲ, ಅಷ್ಟಕ್ಕೆ ನಾನು ಸಮಾಧಾನಪಟ್ಟೆ. ನಾವು ಕನ್ನಡದವರು ಎಂಬುದನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಗೈಡು ಮೂವತ್ತರ ಆಸುಪಾಸಿನ ಮನುಷ್ಯ. ಹಣೆಗೆ ಅರ್ಧಚಂದ್ರದ ಗಂಧ, ಕಿವಿಯ ಮೇಲ್ತುದಿಗೆ ಮುತ್ತಿನ ಬಾಳಿ, ಕೊರಳಿಗೆ ತೂಗುಹಾಕಿದ ಸಣ್ಣ ಸ್ಪೀಕರು. ಅವನಿಗೆ ಒಂದೇ ಶಬ್ದ ಬರುತ್ತಿತ್ತು, ‘ಶಾಹೀ’. ಗುಡಿ ಶಾಹೀ, ನದಿಯ ಮೆಟ್ಟಿಲು ಶಾಹೀ, ಪೇಟೆಯಲ್ಲಿ ರಾಶಿ ಹಾಕಿದ ಅರಿಸಿನವೂ ಶಾಹೀ. ನಮ್ಮ ಅಪ್ಪ ಆ ಪೇಟೆಯಲ್ಲಿ ಅರಿಸಿನದ ದಲಾಲಿ ಮಾಡಿ, ಸಾಯುವವರೆಗೂ ಹಳದಿ ಉಗುರು ಇಟ್ಟುಕೊಂಡೇ ಇದ್ದರು. ಅವರಿಗೆ ಯಾರೂ ಈ ಸುದ್ದಿ ಹೇಳಿರಲಿಲ್ಲ.

ಆಮೇಲೆ ಭಡಂಗ ಬಂತು. ಚುರುಮುರಿಗೆ ಬೆಳ್ಳುಳ್ಳಿ, ಶೇಂಗಾ, ಕೆಂಪು ಖಾರ ಹಾಕಿ ಹುರಿದದ್ದು, ಗಾಡಿ ತಡವಾದಾಗ ನಾವು ಹಳೆ ಪೇಪರಿನಲ್ಲಿ ಸುರಿದುಕೊಂಡು ತಿನ್ನುವಂಥದ್ದು. ಅದನ್ನು ತಾಮ್ರದ ಬಟ್ಟಲಲ್ಲಿ ಹಾಕಿಕೊಟ್ಟು, ದಂಡಯಾತ್ರೆಗೆ ಹೊರಟ ಸೈನಿಕರ ಜೋಳಿಗೆಯಲ್ಲಿ ಇದೇ ಇರುತ್ತಿತ್ತು ಎಂದ. ಒಬ್ಬಾಕೆ ಕಣ್ಣು ಮುಚ್ಚಿ ಅಗಿದು, ‘ಇತಿಹಾಸದ ರುಚಿ ಬರುತ್ತಿದೆ’ ಎಂದಳು. ನನಗೆ ಬಂದದ್ದು ಕೆಟ್ಟ ಎಣ್ಣೆಯ ರುಚಿ.

ನದಿಯ ಕಡೆ ಇಳಿಯುವ ಗಲ್ಲಿಯಲ್ಲಿ ಮನೆಗಳ ಗೋಡೆಗೆ, ಆಳೆತ್ತರಕ್ಕಿಂತ ಮೇಲೆ, ಕಂದು ಗೆರೆಯೊಂದು ಉದ್ದಕ್ಕೂ ಇದೆ. ಕ್ಯಾಮರಾ ಹಿಡಿದಿದ್ದ ಒಬ್ಬರು ಅದೇನೆಂದು ಕೇಳಿದರು. ಗೈಡು ಒಂದು ಕ್ಷಣವೂ ತಡವರಿಸದೆ, ಅದು ಹಿಂದಿನ ಕಾಲದ ಗಾರೆಯ ಪದ್ಧತಿ, ಕೆಳಗೊಂದು ಬಣ್ಣ ಮೇಲೊಂದು ಬಣ್ಣ ಎಂದುಬಿಟ್ಟ.

ನಾನು ಮರಾಠಿಯಲ್ಲೇ ಹೇಳಿದೆ, “ಅದು ಕೃಷ್ಣೆಯ ಮಹಾಪೂರದ ನೀರು ನಿಂತ ಗುರುತು. ಈ ಮನೆಯವರು ಮಾಳಿಗೆ ಹತ್ತಿ ಕೂತು ದೋಣಿಯ ದಾರಿ ಕಾದಿದ್ದರು.”

ಯಾರೂ ಫೋಟೋ ತೆಗೆಯಲಿಲ್ಲ. ಗೈಡು ‘ಚಲಾ, ಚಲಾ, ಬಿಸಿಲು ಏರುತ್ತಿದೆ’ ಎಂದು ಮುಂದೆ ನಡೆದ. ತಂಗಿ ನನ್ನ ತೋಳು ಚಿವುಟಿ ಕನ್ನಡದಲ್ಲಿ ಪಿಸುಗುಟ್ಟಿದಳು, “ಸುಮ್ನಿರ ಅಕ್ಕಾ. ಮಂದಿ ನೋಡತಾರ.”

ಎರಡನೆಯ ದಿನ ಮಿರಜ. ಮೊದಲು ಸಿತಾರಿನ ಗಲ್ಲಿ. ಅಲ್ಲಿಯ ಒಬ್ಬ ಮುದುಕ ಕಾರೀಗರರು ನನಗೆ ಹಳೆಯ ಪರಿಚಯ. ಮರದ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ತಂಬೂರಿ ಕಳಿಸುವಾಗ ಪಾರ್ಸಲ್ ಆಫೀಸಿನವರು ಸರಿಯಾಗಿ ಉತ್ತರ ಕೊಡದಿದ್ದರೆ ನನ್ನ ಕಿಟಕಿಗೆ ಬರುತ್ತಿದ್ದರು. ಆ ಕಿಟಕಿಯಲ್ಲಿ ನಾನು ಬೈಯದೆ ಕಳಿಸಿದ ಕೆಲವೇ ಜನರಲ್ಲಿ ಅವರೊಬ್ಬರು. ಅಂಗಡಿಯ ಮಾಡಿಗೆ ಒಣಗಿದ ಸೋರೆಯ ಬುರುಡೆಗಳು ತೂಗುತ್ತಿದ್ದವು. ಅವರು ತಂತಿ ಕೂರುವ ಎಲುಬಿನ ಪಟ್ಟಿಯನ್ನು ಕೂದಲೆಳೆಯಷ್ಟು ಕೆರೆಯುವುದು, ತಂತಿ ಮೀಟಿ ಕಿವಿಗೊಡುವುದು, ಮತ್ತೆ ಕೆರೆಯುವುದು ಮಾಡುತ್ತಿದ್ದರು. ಹದಿನಾಲ್ಕು ಮಂದಿ ಒಳಗೆ ನುಗ್ಗಿದ ಮೇಲೆ ಯಾರ ಕಿವಿಗೆ ಏನು ಕೇಳೀತು? ಅವರು ಕೆಲಸ ಕೆಳಗಿಟ್ಟರು.

ಗೈಡಿಗೆ ಫೋಟೋ ಬೇಕಿತ್ತು. ಮೂಲೆಯಲ್ಲಿ ಮುಗಿದು ನಿಂತಿದ್ದ ಸಿತಾರೊಂದನ್ನು ಎತ್ತಿ ಅವರ ತೊಡೆಯ ಮೇಲಿಟ್ಟು, ಇದನ್ನೇ ಉಜ್ಜುವ ಹಾಗೆ ಮಾಡಿರಿ ಎಂದ.

“ಇದು ಆಗಿಹೋದ ವಾದ್ಯ. ನಾಳೆ ಕಳಿಸಬೇಕು,” ಎಂದರು ಅವರು ಹಿಂದಿಯಲ್ಲಿ.

“ಸುಮ್ಮನೆ ಚಾಚಾ, ಫೋಟೋಕ್ಕೆ.”

ಮುದುಕರು ಸಿತಾರಿಗೆ ಬಟ್ಟೆ ಸುತ್ತಿ ಒಳಗಿಟ್ಟು ಬಂದರು. ಕಾಲಬುಡದಲ್ಲಿ ಬಿದ್ದಿದ್ದ ಒಂದು ಹಲಗೆ ತುಂಡು ಎತ್ತಿಕೊಂಡು, ಅದಕ್ಕೆ ಅರ ಹಿಡಿದು, ಎಲ್ಲರ ಮೊಬೈಲು ತುಂಬುವವರೆಗೂ ಉಜ್ಜಿದರು. ಮುಂಬಯಿಯ ಗಂಡಸೊಬ್ಬ ಭಕ್ತಿಯಿಂದ ಬಗ್ಗಿ, ಇದು ಸಿತಾರ ಆಗಲು ಎಷ್ಟು ದಿನ ಬೇಕು ಎಂದು ಕೇಳಿದ.

“ಇದಾ? ಇದು ಒಲೆಗೆ ಹೋಗುತ್ತದೆ,” ಎಂದರು ಅವರು.

ನಾನೊಬ್ಬಳೇ ನಕ್ಕೆ. ಅವರು ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ಎರಡು ದಿನದಲ್ಲಿ ನನಗೆ ಹಿಡಿಸಿದ್ದು ಅದೊಂದೇ ಗಳಿಗೆ.

ಮಧ್ಯಾಹ್ನಕ್ಕೆ ‘ಶಾಹೀ ಭೋಜನ’. ಕೋಟೆಯ ಕಡೆಯ ಒಂದು ಹಳೆಯ ವಾಡೆಯಲ್ಲಿ ಮಣೆ ಹಾಕಿ, ಸುತ್ತ ರಂಗೋಲಿ ಬಿಡಿಸಿದ್ದರು. ಆ ವಾಡೆಯನ್ನು ಈಗ ಮುಂಜಿಗೆ, ನಿಶ್ಚಿತಾರ್ಥಕ್ಕೆ ಬಾಡಿಗೆ ಕೊಡುತ್ತಾರೆ. ಗೈಡು ದನಿ ತಗ್ಗಿಸಿ ಹೇಳಿದ. ಈ ಅಡುಗೆ ಸಂಸ್ಥಾನದ ಮುದಪಾಕಖಾನೆಯದು, ಅಂದರೆ ಅರಮನೆಯ ಅಡುಗೆಮನೆಯದು. ಅಲ್ಲಿಯ ಅಡುಗೆಯವರ ಏಳನೆಯ ತಲೆಮಾರಿನ ಹೆಂಗಸೊಬ್ಬಳು ಮಾತ್ರ ಈಗ ಇದನ್ನು ಬಲ್ಲಳು. ಆಕೆ ವ್ರತದಲ್ಲಿದ್ದಾಳೆ, ಮಾತಾಡುವುದಿಲ್ಲ, ದಯವಿಟ್ಟು ಮಾತಾಡಿಸಬೇಡಿರಿ.

ತಟ್ಟೆ ಬಂತು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಮಡಕಿ ಕಾಳಿನ ಪಲ್ಯ, ಶೇಂಗಾ ಕುಟ್ಟಿ ಮಾಡಿದ ಹಿಂಡಿ, ಮಜ್ಜಿಗೆ. ಮೊದಲ ತುತ್ತಿಗೇ ನನಗೆ ಗುರುತು ಹತ್ತಿತು. ಬದನೆಕಾಯಿಗೆ ಗುರೆಳ್ಳು ಅಷ್ಟು ಕೈಬಿಚ್ಚಿ ಹಾಕುವವರು ಮಿರಜದಲ್ಲಿ ಒಬ್ಬರೇ. ರೊಟ್ಟಿಯ ಅಂಚಿನಲ್ಲಿ ಮೂರು ಬೆರಳಿನ ಒತ್ತು. ಆರು ವರ್ಷದಿಂದ ದಿನಾ ಮಧ್ಯಾಹ್ನ ನಾನು ಸ್ಟೀಲಿನ ಡಬ್ಬಿ ಬಿಚ್ಚಿ ಉಣ್ಣುವುದು ಇದನ್ನೇ.

ತಲೆಯೆತ್ತಿ ನೋಡಿದೆ. ಒಳಬಾಗಿಲಲ್ಲಿ ಕಚ್ಚೆ ಹಾಕಿ ಒಂಬತ್ತು ಗಜದ ಹಸಿರು ಸೀರೆ ಉಟ್ಟು, ಮೂಗಿಗೆ ದೊಡ್ಡ ನತ್ತು ಸಿಕ್ಕಿಸಿಕೊಂಡು, ಕೈಕಟ್ಟಿ ನಿಂತವಳು ನಮ್ಮ ಖಾನಾವಳಿಯ ಮಾವಶಿ. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ನನಗಿಂತ ಹದಿಮೂರು ಹದಿನಾಲ್ಕು ವರ್ಷ ಚಿಕ್ಕವಳು, ಆದರೂ ಊರಿಗೆಲ್ಲ ಅವಳು ಮಾವಶಿಯೇ. ದವಾಖಾನೆಯ ರಸ್ತೆಯ ಹಿಂದೆ ಅವಳ ಖಾನಾವಳಿ. ಅಥಣಿ, ರಾಯಬಾಗ, ಜಮಖಂಡಿ ಕಡೆಯಿಂದ ಪೇಶಂಟು ಕರೆದುಕೊಂಡು ಬಂದವರು ಅಲ್ಲಿ ಉಣ್ಣುತ್ತಾರೆ, ವಾರ್ಡಿಗೆ ಡಬ್ಬಿ ಒಯ್ಯುತ್ತಾರೆ. ನನ್ನನ್ನು ಕಂಡದ್ದೇ ಅವಳ ಕಣ್ಣು ದೊಡ್ಡದಾಯಿತು. ಬೇಡ ಎನ್ನುವ ಹಾಗೆ ಒಂದಿಷ್ಟೇ ತಲೆ ಅಲ್ಲಾಡಿಸಿದಳು.

ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಪಕ್ಕದಲ್ಲಿ ಗೈಡು ‘ಮಹಾರಾಜರು ಈ ಹಿಂಡಿ ಇಲ್ಲದೆ ಕೈ ತೊಳೆಯುತ್ತಿರಲಿಲ್ಲ’ ಎನ್ನುತ್ತಿದ್ದ. ನನ್ನ ತಂಗಿ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. ಅವಳೂ ನಾನೂ ಅದೇ ಹಿಂಡಿ ರೊಟ್ಟಿ ಕಟ್ಟಿಕೊಂಡು ಶಾಲೆಗೆ ಹೋದವರು! ನನಗೆ ತಡೆಯಲಾಗಲಿಲ್ಲ. ಪಡಸಾಲೆಗೆಲ್ಲ ಕೇಳುವ ಹಾಗೆ ಕನ್ನಡದಲ್ಲಿ ಕೇಳಿದೆ.

“ಏನ್ ಮಾವಶಿ, ಇವತ್ತ ದವಾಖಾನಿ ವಾರ್ಡಿಗೆ ಡಬ್ಬಿ ಯಾರು ಕೊಟ್ರು?”

ಎಲ್ಲರೂ ತಿರುಗಿದರು. ‘ದವಾಖಾನಿ’ ‘ಡಬ್ಬಿ’ ತಿಳಿಯುವುದಕ್ಕೆ ಕನ್ನಡ ಬೇಕಾಗಿಲ್ಲ. ಸಾಲದ್ದಕ್ಕೆ ನಾನೇ ಮರಾಠಿಯಲ್ಲಿ ಬಿಡಿಸಿ ಹೇಳಿದೆ. ಇದು ಯಾವ ರಾಜನ ಊಟವೂ ಅಲ್ಲ, ಪೇಶಂಟಿನ ಕಡೆಯವರು ದಿನಾ ಉಣ್ಣುವ ಖಾನಾವಳಿ ಊಟ, ಈಕೆ ಅದನ್ನು ನಡೆಸುವವಳು, ಈ ಗೈಡು ನಿಮಗೆಲ್ಲ ಟೋಪಿ ಹಾಕಿದ್ದಾನೆ. ಗೈಡಿನ ಮುಖ ನೋಡಬೇಕಿತ್ತು. ನಾನು ಕಾಯುತ್ತಿದ್ದದ್ದೇ ಆ ಮುಖಕ್ಕಾಗಿ.

ಆದರೆ ಮುಂದೆ ಆದದ್ದು ನಾನು ಎಣಿಸಿದಂತೆ ಆಗಲಿಲ್ಲ. ಹಿಂದಿನ ದಿನ ಇತಿಹಾಸದ ರುಚಿ ಕಂಡಿದ್ದ ಹೆಂಗಸು ಆಗಷ್ಟೇ ಬೆರಳು ನೆಕ್ಕುತ್ತಿದ್ದವಳು, ತಟ್ಟೆಯನ್ನು ಮುಂದಕ್ಕೆ ನೂಕಿದಳು. “ದವಾಖಾನೆಯಾ? ಅಂದರೆ ಈ ಪಾತ್ರೆ ಎಲ್ಲ ರೋಗಿಗಳ ಹತ್ತಿರ ಹೋಗಿ ಬಂದದ್ದಾ?” ಇನ್ನೊಬ್ಬಳು ಪರ್ಸಿನಿಂದ ಸ್ಯಾನಿಟೈಸರು ತೆಗೆದಳು. ಮುಂಬಯಿಯವನು ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಗೈಡಿಗೆ ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಬಾಗಿಲಲ್ಲಿ ನಿಂತ ಹೆಂಗಸಿನ ಕೈ ನೋಡುತ್ತಿದ್ದರು.

ಮಾವಶಿ ನತ್ತು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮುಂದೆ ಬಂದು ಮರಾಠಿಯಲ್ಲಿ ಶುರು ಮಾಡಿದಳು. ಎರಡು ಮಾತಾಗುವಷ್ಟರಲ್ಲಿ ದನಿ ಏರಿ ಕನ್ನಡಕ್ಕೆ ಹೊರಳಿತು.

“ನಾ ಯಾವ ರಾಜನ ಮನ್ಯಾಕೀನೂ ಅಲ್ರಿ. ಅಥಣಿ ಕಡೆ ಹಳ್ಳಿ ನಂದು. ನನ್ನ ಗಂಡನ್ನ ಕರಕೊಂಡು ಇಲ್ಲಿಗಿ ಬಂದೆ. ಮೂರು ತಿಂಗಳು ಹಾಸಿಗಿ ಹಿಡದಾ. ದವಾಖಾನಿ ಗ್ವಾಡಿ ಹೊರಗ ಬೇವಿನ ಗಿಡದ ಬುಡಕ ಸ್ಟೋ ಇಟ್ಟು ಅವಂಗ ಎರಡು ರೊಟ್ಟಿ ಬಡೀತಿದ್ದೆ. ಬಾಜೂ ಕಾಟಿನವರು ‘ನಮಗೂ ಎರಡು ಬಡಿಯವಾ’ ಅಂದ್ರು. ಅವ ಉಳೀಲಿಲ್ಲ. ನಾ ತಿರುಗಿ ಊರಿಗಿ ಹೋಗ್ಲಿಲ್ಲ. ಪಾತ್ರಿ ನಾನ ತಿಕ್ತೀನಿ, ಬಿಸಿನೀರಾಗ. ಉಣ್ಣಾವ್ರು ಉಣ್ರಿ, ಒಲ್ಲಾದವ್ರು ಏಳ್ರಿ.”

ಯಾರಿಗೂ ಪೂರ್ತಿ ತಿಳಿಯಲಿಲ್ಲ. ಆಗ ನನ್ನ ತಂಗಿ ಬಾಯಿ ತೆರೆದಳು. ಒಂದೊಂದೇ ಮಾತನ್ನು ಮರಾಠಿಗೆ ತಿರುಗಿಸಿ ಹೇಳಿದಳು, ಬೇವಿನ ಗಿಡ, ಸ್ಟೋ, ಬಿಸಿನೀರು ಒಂದನ್ನೂ ಬಿಡದೆ. ‘ನಿಮಗೆ ಕಾನಡಿ ಬರುತ್ತದಾ?’ ಎಂದು ಪಕ್ಕದವಳು ಕೇಳಿದ್ದಕ್ಕೆ, “ನಮ್ಮ ಮನೆಮಾತು,” ಎಂದು ತಟ್ಟೆಯ ಕಡೆ ಬಗ್ಗಿದಳು. ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ನಾಲ್ಕು ಮಂದಿ ಎದ್ದುಹೋದರು. ಉಳಿದವರು ತಂಗಿಯನ್ನು ನೋಡಿ, ಮಜ್ಜಿಗೆ ಬಿಟ್ಟು ಉಳಿದದ್ದೆಲ್ಲ ಉಂಡರು.

ಗೈಡು? ಅವನು ಸ್ಪೀಕರು ಹಚ್ಚಿ, ಇದೇ ನಿಜವಾದ ಜೀವಂತ ಪರಂಪರೆ, ಕೊನೆಗೆ ಹೇಳಬೇಕೆಂದು ಗುಟ್ಟಾಗಿ ಇಟ್ಟಿದ್ದೆ ಎಂದ! ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಇಂಥವರಿಗೆ ಅವಮಾನ ಎಂಬುದು ಮೈಗೆ ಹತ್ತುವುದೇ ಇಲ್ಲ.

ಮರುದಿನ ತಂಗಿ ಪುಣೆಗೆ ಹೋದಳು. ಆ ಮಧ್ಯಾಹ್ನ ನನಗೆ ಡಬ್ಬಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಮಾಡಿದರೆ ಮಾವಶಿಯ ಸೊಸೆ ಎತ್ತಿ, “ಅತ್ತಿ ಕೆಲಸದಾಗ ಅದಾರಿ,” ಎಂದು ಇಟ್ಟುಬಿಟ್ಟಳು. ನಾಲ್ಕು ದಿನ ಉಪ್ಪಿಟ್ಟು ಮಾಡಿಕೊಂಡು ತಿಂದೆ. ನನಗೆ ಅಡುಗೆ ಬರುವುದಿಲ್ಲ. ಐದನೆಯ ದಿನ ಖಾನಾವಳಿಗೆ ಹೋದೆ. ಮಾವಶಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ನೋಡಲಿಲ್ಲ.

“ಮಾವಶಿ, ನಾ ಅಂದದ್ದು ಅವಂಗ. ನಿನಗಲ್ಲ.”

“ಅವಂಗ ಅಂದ್ರಿ, ಖರೆ. ಬಡದದ್ದು ಯಾರಿಗೆ?”

“ನಿನ್ನ ಗೊಂಬಿ ಮಾಡಿ ನಿಲ್ಲಿಸಿದ್ದನಲ್ಲ. ಬಾಯಿ ಬಿಡಬ್ಯಾಡ ಅಂದಿದ್ದ. ಅದು ನಿನಗ ಛಲೋ ಅನಸ್ತೇನು?”

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿ, ಆಮೇಲೆ ನನ್ನ ಕಡೆ ತಿರುಗಿದಳು.

“ಅನಸ್ತರಿ ಅಕ್ಕಾರ. ಒಂದು ದಿನ ಹಸರು ಸೀರಿ ಉಟ್ಟು, ಹೊಗಿ ಇಲ್ಲದ ಮನ್ಯಾಗ ನಿಂತಿದ್ದೆ. ಹದಿನಾಲ್ಕು ಮಂದಿ ಊಟ ಛಂದ ಐತಿ ಅಂದ್ರು. ದವಾಖಾನಿ ಮಂದಿ ಯಾರೂ ರೊಟ್ಟಿ ಛಂದ ಐತಿ ಅನ್ನಾಂಗಿಲ್ರಿ. ಅವರದೂ ತಪ್ಪಲ್ಲ, ಅವರ ಜೀವ ಒಳಗ ವಾರ್ಡಿನ್ಯಾಗ ಇರತೈತಿ. ಇಪ್ಪತ್ತು ವರ್ಷಾತು, ನನ್ನ ಅಡಗಿ ಹೆಂಗೈತಿ ಅಂತ ನನಗ ಯಾರೂ ಹೇಳಿಲ್ಲ. ನೀವಾದ್ರೂ ಒಂದು ದಿನ ಹೇಳೀರೇನು? ಬರೇ ಉಪ್ಪು ಕಡಿಮಿ ಆದ ದಿನ ಫೋನ್ ಮಾಡೀರಿ. ಕಿಟಕಿ ಹಿಂದ ಕುಂತು ಕುಂತು ಮಂದಿಗಿ ಬೈಯೂದೊಂದ ಕಲತೀರಿ ನೀವು.”

ಅವಳು ರೊಟ್ಟಿ ತಿರುವಿ ಹಾಕಿದಳು. ನಾನು ಅಲ್ಲಿದ್ದ ಬೆಳ್ಳುಳ್ಳಿಯ ಬುಟ್ಟಿಯನ್ನು ಎಳೆದುಕೊಂಡು ನೆಲಕ್ಕೆ ಕೂತು ಸುಲಿಯತೊಡಗಿದೆ. ಅವಳೂ ಬೇಡ ಎನ್ನಲಿಲ್ಲ. ಅರ್ಧ ಬುಟ್ಟಿ ಆದಮೇಲೆ ತಟ್ಟೆ ತಂದಿಟ್ಟು, “ಉಣ್ರಿ,” ಎಂದಳು. ಬದನೆಕಾಯಿ ಛಲೋ ಆಗೈತಿ ಎಂದೆ. ಹಾಗೆನ್ನಲು ನಾಚಿಕೆಯಾಯಿತು. ಅವಳು, “ಈಗ ಹೇಳಿದ್ರಿ, ಪಾಪ,” ಎಂದು ನಕ್ಕುಬಿಟ್ಟಳು.

ಹದಿನೈದು ದಿನಕ್ಕೆ ಗೈಡು ಬಂದ. ಇನ್ನು ಮುಂದೆ ಜನರನ್ನು ವಾಡೆಗಲ್ಲ, ಇಲ್ಲಿಗೇ ಕರೆತರುತ್ತೇನೆ ಎಂದ. ಇದೂ ಒಂದು ನಾಟಕವೇ ಎಂದು ನಾನು ಹೇಳಿದೆ. ಮಾವಶಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಕರಾರು ಹಾಕಿದಳು. ಪೇಶಂಟಿನವರು ಉಂಡಾದ ಮೇಲೆಯೇ ಇವರ ಪಂಕ್ತಿ. ಉಣ್ಣುವವರ ಫೋಟೋ ತೆಗೆಯಕೂಡದು. ತಾನು ಕನ್ನಡದಲ್ಲೇ ಮಾತಾಡುವವಳು, ತಿಳಿಯದಿದ್ದರೆ ಇಲ್ಲಿ ಅಕ್ಕಾರು ಇದ್ದಾರೆ, ಅವರು ಹೇಳುತ್ತಾರೆ. ನನ್ನನ್ನು ಕೇಳದೆಯೇ ನನಗೆ ಕೆಲಸ ಕೊಟ್ಟಿದ್ದಳು.

ಈಗ ತಿಂಗಳಿಗೆ ಒಂದೆರಡು ಸಲ ಬೂಟಿನವರು ಬರುತ್ತಾರೆ, ಹೊರಗೆ ಬಿಸಿಲಲ್ಲಿ ಸಾಲಾಗಿ ಕಾಯುತ್ತಾರೆ. ಒಳಗೆ ಜಮಖಂಡಿಯ ಕಡೆಯ ಯಾರೋ ಒಬ್ಬರು ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದುಕೊಂಡೇ ಮೆಲ್ಲಗೆ ಉಣ್ಣುತ್ತಿರುತ್ತಾರೆ. ಅವಸರ ಮಾಡಿರಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಗೈಡು ಮಾತ್ರ ಸುಧಾರಿಸಿಲ್ಲ. ಹೋದ ವಾರ ಖಾನಾವಳಿಯ ಗಲ್ಲಿಯಲ್ಲಿ ಹಿಂದೆ ಆನೆಗಳಿಗೆ ಔಷಧ ಅರೆಯುತ್ತಿದ್ದರು, ಅದಕ್ಕೇ ಇಲ್ಲಿಗೆ ಇಷ್ಟು ಡಾಕ್ಟರರು ಬಂದದ್ದು ಎಂದು ಹೇಳುತ್ತಿದ್ದ. ಹದಿನಾರು ಮಂದಿ ಹೌದೌದು ಎಂದು ಕೇಳಿಸಿಕೊಳ್ಳುತ್ತಿದ್ದರು. ನಾನು ಮಾವಶಿಯ ಕಡೆ ನೋಡಿದೆ. ಅವಳು ಲಟಪಟ ರೊಟ್ಟಿ ಬಡಿಯುತ್ತಲೇ ಬೇಡ ಎಂದು ತಲೆಯಾಡಿಸಿದಳು. ಬಾಯಿಯವರೆಗೆ ಬಂದ ಮಾತನ್ನು ನುಂಗಿ, ಹೊರಗಿನವರಿಗೆ ಬೂಟು ಬಿಚ್ಚಿಟ್ಟು ಒಳಗೆ ಬರಲು ಹೇಳಿದೆ.